ಚಮಚ ಒಂದು, ಬಾಯಿ ಎರಡು

ನಮ್ಮ ದೊಡ್ಡಪ್ಪ ದಿನಕ್ಕೆ ಕಡಿಮೆಯೆಂದರೂ ಹದಿನೈದು ಊಟ ಮಾಡುತ್ತಾರೆ. ಅದರಲ್ಲಿ ಎರಡು ಮಾತ್ರ ಅವರ ಹೊಟ್ಟೆಗೆ ಹೋಗುತ್ತವೆ!

ಉಳಿದವೆಲ್ಲ ಬೇರೆಯವರ ಊಟ. ಎದುರಿಗೆ ಯಾರು ಏನು ತಿನ್ನುತ್ತಿದ್ದರೂ ಸರಿ, ದೊಡ್ಡಪ್ಪನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅವರು ತುತ್ತು ಎತ್ತಿದರೆ ಇವರು ಬಾಯಿ ಬಿಡುತ್ತಾರೆ. ಅವರು ಜಗಿದರೆ ಇವರೂ ಜಗಿಯುತ್ತಾರೆ. ಅವರು ನುಂಗಿದಾಗ ಇವರ ಗಂಟಲೂ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತದೆ. ತಿನ್ನುವವರಿಗೆ ನೆತ್ತಿಗೆ ಹತ್ತಿದರೆ ಕೆಮ್ಮುವವರು ಇವರು, ನೀರು ಕೇಳುವವರೂ ಇವರೇ! ಇದು ಆಸೆಯೇ? ಅಲ್ಲ. ಹಸಿವೇ? ಅಲ್ಲವೇ ಅಲ್ಲ. ಕೇಳಿದರೆ, "ಅವ್ರು ನೆಟ್ಟಗೆ ತಿಂತಾರೋ ಇಲ್ವೋ ನೋಡಬ್ಯಾಡ್ವೇನಪ್ಪ?" ಎನ್ನುತ್ತಾರೆ. ಯಾರು ಒಪ್ಪಿಸಿದರು ಇವರಿಗೆ ಈ ಕೆಲಸವನ್ನು?

ಮದುವೆಯಾಗದ ಮನುಷ್ಯ. ಹೊಳಲ್ಕೆರೆಯ ಪೇಟೆಯಲ್ಲಿ ನಮ್ಮ ಬಟ್ಟೆ ಅಂಗಡಿ ನೋಡಿಕೊಂಡಿದ್ದು, ಈಗ ಅದನ್ನು ಅಪ್ಪನಿಗೆ ಬಿಟ್ಟುಕೊಟ್ಟು ನಮ್ಮ ಮನೆಯಲ್ಲೇ ಇದ್ದಾರೆ. ಒಮ್ಮೆ ಹೊಸದುರ್ಗದ ಒಂದು ಮದುವೆಯಲ್ಲಿ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಳ್ಳುವ ಮೊದಲು ಎರಡನೇ ಪಂಕ್ತಿಯ ಎದುರು ಕುರ್ಚಿ ಹಾಕಿಕೊಂಡು ಕೂತರು. ಹೋಳಿಗೆ ಬಡಿಸುವವನು ಇವರ ಬಾಯಿ ನೋಡಿದ. "ಲೇ, ಯಜಮಾನ್ರು ಇನ್ನೂ ಉಂಡಿಲ್ಲ ಕಣ್ರೋ! ಬಾಯಿ ಬಿಟ್ಕಂಡು ಕುಂತವ್ರೆ, ಒಂದು ಎಲೆ ಹಾಕ್ರಿ!" ಎಂದು ಕೈಹಿಡಿದು ಕೂರಿಸಿಯೇಬಿಟ್ಟ. ಹೇಗೆ ವಿವರಿಸುವುದು? ದಾಕ್ಷಿಣ್ಯಕ್ಕೆ ಮತ್ತೊಮ್ಮೆ ಉಂಡರು. ಮೂರನೇ ಪಂಕ್ತಿಗೂ ಎಳೆದು ಕೂರಿಸುವಷ್ಟರಲ್ಲಿ ಅಪ್ಪ ಹೋಗಿ ಬಿಡಿಸಿಕೊಂಡು ಬಂದರು.

ದುರ್ಗದ ಬಸ್ಸಿನಲ್ಲಿ ಪಕ್ಕದವನೊಬ್ಬ ಖಾರಮಂಡಕ್ಕಿ ತಿನ್ನುತ್ತಿದ್ದ. ಇವರ ದವಡೆ ನೋಡಿ ಸಂಕೋಚವಾಗಿ ಪೊಟ್ಟಣ ಮುಂದೆ ಹಿಡಿದ. "ಬ್ಯಾಡಪ್ಪ, ಈಗಿನ್ನೂ ತಿಂದೆ," ಎಂದರು ದೊಡ್ಡಪ್ಪ.

"ಏನ್ ತಿಂದ್ರಿ?"

"ಮಂಡಕ್ಕಿ. ಖಾರ ಒಂಚೂರು ಜಾಸ್ತಿ ಆಗೈತೆ!"

ನನ್ನ ಹಲ್ಲು ಕೀಳಿಸಲು ಜೊತೆಗೆ ಬಂದಿದ್ದರು ಒಮ್ಮೆ. ಡಾಕ್ಟರು "ಬಾಯಿ ತೆಗೀರಿ" ಎಂದಾಗ ಎರಡು ಬಾಯಿ ತೆರೆದವು. ಇಕ್ಕಳ ಹಿಡಿದ ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿ, "ನೋವು ಯಾರಿಗೆ?" ಎಂದರು. ಹಲ್ಲು ಹೋದದ್ದು ನನ್ನದು. ಎರಡು ದಿನ ಗಂಜಿ ಕುಡಿದವರು ದೊಡ್ಡಪ್ಪ!

ಇಂಥ ಮನೆಗೆ ನಾನು ಬಾಣಂತನಕ್ಕೆ ಬಂದೆ.

ನಾನು ದುರ್ಗದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಬೇಡಿಕೆ, ಪೂರೈಕೆ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಗೆರೆ ಎಳೆದವಳು. ಆದರೆ ಮಗಳು ಪುಟ್ಟಿಗೆ ಆರು ತಿಂಗಳು ತುಂಬಿ, ಹಾಲಿನ ಜೊತೆಗೆ ಇನ್ನೇನಾದರೂ ತಿನ್ನಿಸಬೇಕು ಎಂದ ಕ್ಷಣದಿಂದ ನನಗೆ ಯಾವ ಗೆರೆಯೂ ಎಲ್ಲಿಗೂ ಹೋಗಿ ಕೂಡಲಿಲ್ಲ. ಡಾಕ್ಟರು, "ಮೆತ್ತಗೆ ಬೇಯಿಸಿ, ನುಣ್ಣಗೆ ಮಸೆದು ಕೊಡಿ. ಉಪ್ಪು, ಸಕ್ಕರೆ, ಜೇನುತುಪ್ಪ ಬೇಡ," ಎಂದರು. ಅಮ್ಮ ಆಗಲೇ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ಡಬ್ಬಿ ತುಂಬಿಸಿದ್ದರು. ಹಿರಿಯೂರಿನಿಂದ ಅತ್ತೆ ವಿಡಿಯೋ ಕಾಲ್ ಮಾಡಿ, "ರಾಗಿ ಉಷ್ಣ ಕಣಮ್ಮ, ಅಕ್ಕಿ ಹೆಸರುಬ್ಯಾಳೆ ಕೊಡು," ಎಂದರು. ಅಮ್ಮ ಫೋನಿನೊಳಕ್ಕೆ ತಲೆ ತೂರಿಸಿ, "ರಾಗಿ ತಂಪು ಕಣ್ರಿ ಬೀಗ್ತಿ!" ಎಂದರು. ಉಷ್ಣವೋ ತಂಪೋ? ಪಕ್ಕದ ಮನೆಯವರು ಬಾಳೆಹಣ್ಣು ಎಂದರು. ಅವರ ಸೊಸೆ, ಬಾಳೆಹಣ್ಣಿಗೆ ಶೀತ ಎಂದಳು. ಮೊಬೈಲು ತೆಗೆದರೆ ಯಾವಳೋ ತಾಯಿ ಬೇಯಿಸಿದ ಗಜ್ಜರಿಯನ್ನು ಇಡಿಯಾಗಿ ಮಗುವಿನ ಕೈಗೇ ಕೊಟ್ಟು ನಗುತ್ತಿದ್ದಳು. ಇನ್ನೊಬ್ಬಳು ಹಾಗೆ ಕೊಡುವವರನ್ನು ಬೈಯುತ್ತಿದ್ದಳು. ನಾನು ಇಬ್ಬರಿಗೂ ಲೈಕ್ ಒತ್ತಿದೆ!

ಮೊದಲ ಅನ್ನ ಹೊರಕೆರೆದೇವಪುರದ ಗುಡಿಯಲ್ಲಿ ಉಣಿಸುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದರು. ಹೋದೆವು. ಅಮ್ಮ ಪಾಯಸ ನೀಡಿದರು, ಪುಟ್ಟಿ ತುಟಿ ಬಿಗಿದಳು. ಅಪ್ಪ ನೀಡಿದರು, ಮುಖ ತಿರುಗಿಸಿದಳು. ನಾನು ನೀಡಿದೆ, ಉಗುಳಿ ನನ್ನ ರೇಷ್ಮೆ ಸೀರೆಗೆ ಹೊಸ ಬುಟ್ಟಾ ಹಾಕಿದಳು. ಆಗ ಎದುರಿಗೆ ಕೂತಿದ್ದ ದೊಡ್ಡಪ್ಪನ ಬಾಯಿ, ಎಂದಿನಂತೆ, ತಾನಾಗಿ ತೆರೆಯಿತು. ಪುಟ್ಟಿ ಆ ಬಾಯಿಯನ್ನು ಬಲು ಆಸಕ್ತಿಯಿಂದ ನೋಡಿದಳು. ತನ್ನದನ್ನೂ ತೆರೆದಳು. ಪಾಯಸ ಒಳಗೆ ಹೋಯಿತು! ದೊಡ್ಡಪ್ಪ ಚಪ್ಪರಿಸಿದರು, ಪುಟ್ಟಿಯೂ ಚಪ್ಪರಿಸಿದಳು.

ಅಲ್ಲಿಂದ ದೊಡ್ಡಪ್ಪನಿಗೆ ಮನೆಯಲ್ಲಿ ಕಾಯಂ ನೌಕರಿ. ರಾಗಿ ಸರಿ ಬಟ್ಟಲಿಗೆ ಬಿದ್ದರೆ ಸಾಕು, "ಭಾವಾರೇ, ಬರ್ರಿ, ಕುಂತ್ಕಳ್ರಿ, ಬಾಯಿ ತೆಗೀರಿ," ಎಂದು ಅಮ್ಮ ಕೂಗುತ್ತಿದ್ದರು. ಅವರೂ ಪೇಪರ್ ಮಡಿಸಿಟ್ಟು, ಹೆಗಲ ಟವೆಲ್ ಸರಿಮಾಡಿಕೊಂಡು ಡ್ಯೂಟಿಗೆ ಹಾಜರು. ಅವರದು ಕಟ್ಟಿಸಿದ ಹಲ್ಲು, ಇವಳಿಗೆ ಹಲ್ಲೇ ಇಲ್ಲ. ಇಬ್ಬರೂ ಎದುರುಬದುರು ಕೂತು ನೀರಿನಂಥ ಸರಿಯನ್ನು ಗಣೆ ಕಬ್ಬಿನಂತೆ ಜಗಿಯುತ್ತಿದ್ದರು! ಒಂದು ದಿನ ನಾನು ಏನೋ ಯೋಚಿಸುತ್ತ ಚಮಚವನ್ನು ತಪ್ಪು ಬಾಯಿಗೆ ಇಟ್ಟುಬಿಟ್ಟೆ.

"ಉಪ್ಪಿಲ್ಲ," ಎಂದರು ದೊಡ್ಡಪ್ಪ.

"ಮಗೀಗೆ ಉಣ್ಸಾದಾ, ನಿಮಗೆ ಉಣ್ಸಾದಾ?" ಎಂದು ಅಮ್ಮ ನಕ್ಕರು.

ಇಷ್ಟರವರೆಗೆ ನಗುತ್ತ ಹೇಳಬಲ್ಲೆ. ಮುಂದಿನದನ್ನು ಹೇಳುವಾಗ ನನಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಕಲಸಿಹೋಗುತ್ತದೆ. ಆದರೂ ದಿನಕ್ಕೊಮ್ಮೆ ಅದನ್ನು ಮೊದಲಿನಿಂದ ಓಡಿಸಿ ನೋಡುತ್ತೇನೆ.

ಭಾನುವಾರ ಮಧ್ಯಾಹ್ನ. ಬಿ.ದುರ್ಗದ ಕಡೆಯಿಂದ ಅಪ್ಪನ ಸ್ನೇಹಿತರು ಹಸಿ ಶೇಂಗಾ ಕಳಿಸಿದ್ದರು. ಅಮ್ಮ ಉಪ್ಪು ಹಾಕಿ ಬೇಯಿಸಿ ಪಡಸಾಲೆಯ ನಡುವೆ ಬುಟ್ಟಿಯಲ್ಲಿ ಸುರಿದರು. ಕಾಳು ಮಗುವಿನ ಕೈಗೆ ಸಿಗಬಾರದು ಎಂದು ನನಗೆ ಗೊತ್ತಿತ್ತು. ಅದಕ್ಕೇ ಮಗಳನ್ನು ದೂರದಲ್ಲಿ, ನನ್ನ ಬೆನ್ನ ಹಿಂದೆ, ಚಾಪೆಯ ಮೇಲೆ ಆಟದ ಸಾಮಾನಿನ ಜೊತೆ ಕೂರಿಸಿದ್ದೆ. ಅವಳು ಅಂಬೆಗಾಲಿಡಲು ಕಲಿತು ಇನ್ನೂ ವಾರವಾಗಿರಲಿಲ್ಲ. ದೊಡ್ಡಪ್ಪ ಗೋಡೆಗೆ ಒರಗಿ, ಅಪರೂಪಕ್ಕೆ ತಮ್ಮದೇ ಬಾಯಿಯ ಶೇಂಗಾವನ್ನು ತಾವೇ ಜಗಿಯುತ್ತಿದ್ದರು. ಅಪ್ಪ ಅಂಗಡಿಯ ಯಾವುದೋ ಕಥೆ ಹೇಳುತ್ತಿದ್ದರು.

ದೊಡ್ಡಪ್ಪನ ಬಾಯಿ ನಿಂತಿತು.

ಅರ್ಧ ತೆರೆದ ಬಾಯಿ ಹಾಗೇ ಇತ್ತು. ಕಣ್ಣು ಅಗಲವಾದವು. ಗಂಟಲ ನರ ಉಬ್ಬಿತು. ಉಸಿರಿನ ಸದ್ದೇ ಇಲ್ಲ.

"ಅಣ್ಣಾ, ಹಲ್ಲಿನ ಸೆಟ್ಟು ಸಿಕ್ಕಾಕ್ಕಂತಾ?" ಎಂದು ಅಪ್ಪ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಯ್ಯೋ, ಅಣ್ಣಂಗೆ ಶೇಂಗಾ ಸಿಕ್ಕಂಡೈತೆ ಕಣ್ರೇ!" ಎಂದು ಕೂಗಿದರು. ಅಮ್ಮ ನೀರಿಗೆ ಓಡಿದರು. ಅಪ್ಪ ದೊಡ್ಡಪ್ಪನನ್ನು ಬಗ್ಗಿಸಿ ಬೆನ್ನಿಗೆ ದಬದಬ ಗುದ್ದಿದರು. ನಾನು ಅವರ ಎದೆ ನೀವಿದೆ. ಹೌದು, ನಾನು! ಆ ಮನುಷ್ಯ ತಲೆ ಅಲ್ಲಾಡಿಸುತ್ತ, ಗುದ್ದು ತಿನ್ನುತ್ತ, ಒಂದು ಕೈ ಎತ್ತಿ ನನ್ನ ಹಿಂದಕ್ಕೆ ತೋರಿಸುತ್ತಲೇ ಇದ್ದರು. ನೀರು ಹಿಂದಿದೆ ಎನ್ನುತ್ತಿದ್ದಾರೆ ಎಂದುಕೊಂಡೆ. ಏನೆಂದುಕೊಂಡೆನೋ! ಎಷ್ಟು ಹೊತ್ತು ಹಾಗೆ ಹೋಯಿತೋ, ಇವತ್ತಿಗೂ ನನಗೆ ತಿಳಿದಿಲ್ಲ.

ಕೊನೆಗೆ ಅವರು ನನ್ನ ಭುಜ ಹಿಡಿದು ತಿರುಗಿಸಿದರು.

ಪುಟ್ಟಿ ಚಾಪೆ ದಾಟಿ, ನಾವು ಸಿಪ್ಪೆ ಕಾಳು ಚೆಲ್ಲಿದ್ದ ಕಡೆಗೆ ಬಂದು ಕೂತಿದ್ದಳು. ಅಳು ಇರಲಿಲ್ಲ, ಕೆಮ್ಮೂ ಇರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ದೊಡ್ಡಪ್ಪನದರ ಹಾಗೆಯೇ. ಅಲ್ಲ, ದೊಡ್ಡಪ್ಪನದು ಅವಳದರ ಹಾಗಿತ್ತು. ತುಟಿಯ ಬಣ್ಣ ಕಪ್ಪಾಗುತ್ತಿತ್ತು.

ಲಸಿಕೆಯ ದಿನ ಆಸ್ಪತ್ರೆಯ ನರ್ಸು ತಾಯಂದಿರಿಗೆಲ್ಲ ಬೊಂಬೆ ಇಟ್ಟುಕೊಂಡು ತೋರಿಸಿದ್ದರು. ನನ್ನ ಕೈಗಳು ಅದನ್ನು ನೆನಪಿಟ್ಟಿದ್ದವು, ನಾನಲ್ಲ. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಗೆ ಬೆರಳಿನ ಆಸರೆ ಕೊಟ್ಟು, ತಲೆ ತಗ್ಗಿಸಿ, ಬೆನ್ನ ನಡುವೆ ಅಂಗೈಯಿಂದ ಹೊಡೆದೆ. ಅಪ್ಪ ಬಾಯೊಳಗೆ ಬೆರಳು ಹಾಕಲು ಬಂದರು. "ಕಾಳು ಒಳಕ್ಕೆ ಹೋಗುತ್ತೆ, ಬ್ಯಾಡ!" ಎಂದು ಕಿರುಚಿದೆನಂತೆ. ಮತ್ತೆ ಹೊಡೆದೆ.

ಬೋರಲು ಮಲಗಿಸಿದರೆ ಮಗುವಿನ ಮುಖ ಕಾಣುವುದಿಲ್ಲ. ಉಸಿರಿದೆಯೋ ಇಲ್ಲವೋ ಹೇಗೆ ತಿಳಿಯಬೇಕು? ದೊಡ್ಡಪ್ಪ ನೆಲದ ಮೇಲೆ ಅಂಗಾತ ಬಿದ್ದು, ಅವಳ ಮುಖದ ಕೆಳಗೆ ತಮ್ಮ ಮುಖ ಇಟ್ಟು ಮೇಲೆ ನೋಡುತ್ತಿದ್ದರು. ನಾನು ಅವರ ಮುಖ ನೋಡಿಕೊಂಡು ನನ್ನ ಮಗಳ ಬೆನ್ನಿಗೆ ಹೊಡೆದೆ. ಅವರ ಬಾಯಿ ನಿಂತೇ ಇತ್ತು. ಹೊಡೆದೆ. ನಿಂತೇ ಇತ್ತು. ಹೊಡೆದೆ. ಆಗ ದೊಡ್ಡಪ್ಪ ಕೆಮ್ಮಿದರು.

ಒಂದು ಶೇಂಗಾ ಕಾಳು ಅವರ ಕೆನ್ನೆಯ ಮೇಲೆ ಬಿತ್ತು. ಆಮೇಲೆ ಪುಟ್ಟಿ ಅತ್ತಳು. ಅಂಥ ಅಳುವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಇನ್ನಷ್ಟು ಅಳಲಿ, ಬೀದಿಗೆಲ್ಲ ಕೇಳಲಿ ಎನಿಸಿತು.

ಆ ಗಳಿಗೆಯಲ್ಲೇ ಡಾಕ್ಟರ ಬಳಿಗೆ ಓಡಿದೆವು. ಅವರು ಎದೆ, ಬೆನ್ನು ಎಲ್ಲ ಆಲಿಸಿ, ಏನೂ ಉಳಿದಿಲ್ಲ, ಆದರೆ ಕೆಮ್ಮು, ಉಬ್ಬಸ ಏನಾದರೂ ಕಂಡರೆ ತಕ್ಷಣ ದುರ್ಗದ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಬ್ಯಾಟರಿ ಬಿಟ್ಟು, "ಆ ಅನ್ನು ಪುಟ್ಟಾ," ಎಂದರು. ಪುಟ್ಟಿ ಬಾಯಿ ತೆರೆದಳು. ನಾನು ಅಭ್ಯಾಸಬಲದಿಂದ ದೊಡ್ಡಪ್ಪನ ಕಡೆ ನೋಡಿದೆ. ಅವರು ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದಿದ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ಯಾರು ತಿಂದರೂ ದೊಡ್ಡಪ್ಪ ಜಗಿಯಲಿಲ್ಲ. ಬಟ್ಟಲಿನ ಸದ್ದಾದರೆ ಎದ್ದು ಹೊರಗಿನ ಕಟ್ಟೆಗೆ ಹೋಗಿಬಿಡುತ್ತಿದ್ದರು. ಪುಟ್ಟಿ ಮತ್ತೆ ತುಟಿ ಬಿಗಿದಳು. ರಾಗಿ ಸರಿ ತಿರುಗಿ ಒಲೆಗೆ, ಒಲೆಯಿಂದ ಬಚ್ಚಲಿಗೆ. ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು.

ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಅವರ ಪಕ್ಕ ಕೂತೆ. ಬೈಯಬೇಕೋ, ಕಾಲಿಗೆ ಬೀಳಬೇಕೋ?

"ಜಗಿಯಾದು ನಾನೇ ಕಲಿಸ್ದೆ ಕಣವ್ವಾ," ಎಂದರು ಅವರೇ. "ನಾನು ಶೇಂಗಾ ಜಗಿಯಾದು ನೋಡೇ ಅದು ಬಾಯಿಗೆ ಹಾಕ್ಕಂತು."

"ನೀವು ನೋಡ್ದೆ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ, ದೊಡ್ಡಪ್ಪ."

"ನನ್ನ ಬಾಯಿ ಸುಮ್ಕಿದ್ದಿದ್ರೆ ನೀವು ನನಗೆ ಗುದ್ದುತ್ತಾ ಕುಂತ್ಕಂತಿರ್ಲಿಲ್ಲ."

ಮೂರು ಮಾತೂ ನಿಜ. ಮೂರನ್ನೂ ಕೂಡಿಸಿದರೆ ಏನು ಬರುತ್ತದೆ? ನನ್ನ ಅರ್ಥಶಾಸ್ತ್ರದಲ್ಲಿ ಅದಕ್ಕೆ ಲೆಕ್ಕವಿಲ್ಲ.

ಒಳಗೆ ಹೋಗಿ ಪುಟ್ಟಿಯನ್ನೂ ಬಟ್ಟಲನ್ನೂ ಕಟ್ಟೆಗೇ ತಂದೆ. ದೊಡ್ಡಪ್ಪ ಏಳಲು ಹೊರಟರು. ಪುಟ್ಟಿಯನ್ನು ಅವರ ತೊಡೆಯ ಮೇಲೆ ಕೂರಿಸಿಬಿಟ್ಟೆ. ಇನ್ನು ಎಲ್ಲಿಗೆ ಏಳುತ್ತಾರೆ? ಚಮಚ ಎತ್ತಿದೆ. ಪುಟ್ಟಿ ಕತ್ತು ತಿರುಗಿಸಿ ಅವರ ಬಾಯಿ ನೋಡಿದಳು. ಮುಚ್ಚಿತ್ತು. ತನ್ನದನ್ನೂ ಮುಚ್ಚಿದಳು. ಪುಟ್ಟ ಬೆರಳಿನಿಂದ ಅವರ ಕೆಳತುಟಿ ಎಳೆದಳು. ಅವರು ಬಾಯಿ ಬಿಡಲಿಲ್ಲ.

ಬೇರೆ ದಾರಿ ಕಾಣದೆ ನಾನೇ ಬಾಯಿ ತೆರೆದೆ. ಪೇಟೆಯ ನಡುವೆ, ಹೋಗುವವರು ಬರುವವರು ನೋಡುತ್ತಿದ್ದಂತೆ, ಕಾಲೇಜಿನ ಮೇಡಂ ಆದ ನಾನು "ಆ" ಎಂದೆ. ಬರಿ ಗಾಳಿಯನ್ನು ಗಡಗಡ ಜಗಿದೆ. ಪುಟ್ಟಿ ನನ್ನನ್ನು ವಿಚಿತ್ರ ಪ್ರಾಣಿಯಂತೆ ನೋಡಿದಳು.

ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ.

"ಹಂಗಲ್ಲ ಕಣವ್ವಾ," ಎಂದರು. "ಅಷ್ಟು ಜೋರಾಗಿ ಜಗಿದ್ರೆ ಮಗು ಹೆದರ್ಕಂತೈತೆ. ಮೆಲ್ಲಗೆ. ಹಿಂಗೆ..."

ಅವರ ಬಾಯಿ ತೆರೆಯಿತು. ಪುಟ್ಟಿಯದೂ ತೆರೆಯಿತು. ಚಮಚ ಒಳಗಿಟ್ಟೆ. ಇಬ್ಬರೂ ಮೆಲ್ಲಗೆ, ಬಲು ಮೆಲ್ಲಗೆ ಜಗಿದರು. ನಾನು ಅವಳ ಗಂಟಲು ನೋಡಿದೆ, ಅವರ ಗಂಟಲು ನೋಡಿದೆ. ಪುಟ್ಟಿ ನುಂಗಿದಳು. ದೊಡ್ಡಪ್ಪ ನುಂಗಿದರು. ನನ್ನ ಬಾಯಿ ಇನ್ನೂ ತೆರೆದೇ ಇದೆ ಎಂದು ಆಗ ಗೊತ್ತಾಯಿತು. ಮುಚ್ಚಿಕೊಂಡು, ನಾನೂ ನುಂಗಿದೆ.