ಹೆದರಿಸುವ ಸಂಗೀತಕ್ಕೆ ಪಾಸು, ಫೇಲು

ನನ್ನದು ಎಂಥ ಕೆಲಸವೆಂದು ಜನಕ್ಕೆ ಅರ್ಥವಾಗದ ಕಾರಣ, ನನ್ನ ಸುತ್ತ ಒಂದಲ್ಲ ಒಂದು ಫಜೀತಿ ನಡೆಯುತ್ತಲೇ ಇರುತ್ತದೆ. ಕಡೂರಿನ ಮನೆಯಲ್ಲಿ ಕೂತು, ಪತ್ತೇದಾರಿ ವೆಬ್ ಸೀರೀಸಿಗೆಂದು ಮಾಡಿದ ಸಿಂಥ್ ಸಂಗೀತ ಕೇಳಿ, ಯಾವ ದೃಶ್ಯಕ್ಕೆ ಯಾವುದು ಹೊಂದುತ್ತದೆ ಎಂದು ಹೇಳುವವನು ನಾನು. ಹಾಡಿಲ್ಲ, ತಾಳವಿಲ್ಲ, ಕೀಬೋರ್ಡಿನಿಂದ ಹೊರಟ ‘ಝೂಂ’ ಅನ್ನುವ ಸದ್ದು ಅಷ್ಟೇ. ಕೇಳಿದವರ ಎದೆ ಮಾತ್ರ ಢವಢವ ಅನ್ನಬೇಕು. ನೆಂಟರೊಬ್ಬರು, “ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?” ಎಂದಾಗ ನನ್ನ ಹೆಂಡತಿ, “ಮನೇಲಿ ಕೂತ್ಕಂಡು ಹೆದರ್ಕಂತಾರೆ, ಅದಕ್ಕೆ ಸಂಬಳ ಕೊಡ್ತಾರೆ” ಅಂದಿದ್ದಳು.

ನಿರ್ದೇಶಕರಿಗೂ ನನ್ನ ಮೇಲೆ ಅಂಥ ಭರವಸೆಯೇನಿರಲಿಲ್ಲ. “ಕಡೂರಲ್ಲಿ ಕೂತು ಕೇಳಿದ್ರೆ ಸಸ್ಪೆನ್ಸ್ ಗೊತ್ತಾಗುತ್ತೇನ್ರೀ? ಕೊನೇ ಎಪಿಸೋಡಿಗೆ ನೀವು ಆರಿಸಿದ್ದು ಸರಿಹೋದ್ರೆ ಮುಂದಿನ ಸೀರೀಸೂ ನಿಮಗೇ. ಇಲ್ದಿದ್ರೆ ಇಲ್ಲೇ ಸ್ಟುಡಿಯೋದಲ್ಲಿ ಯಾರನ್ನಾದ್ರೂ ನೋಡ್ಕೋತೀನಿ” ಎಂದು ಫೋನಿನಲ್ಲಿ ಅಂದುಬಿಟ್ಟರು. ನನಗೋ ಈ ಕೆಲಸದ ಮೇಲೆ ಜೀವ. ಬಿಟ್ಟುಕೊಡುವ ಮಾತೇ ಇರಲಿಲ್ಲ.

ಅವರೆಕಾಯಿ ಪರೀಕ್ಷೆ

ನನ್ನದೊಂದು ಪದ್ಧತಿಯಿತ್ತು. ಅಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುವಾಗ ಸ್ಪೀಕರಿನಲ್ಲಿ ಸಂಗೀತ ಹಾಕುವುದು. ಅವಳ ಕೈ ನಿಂತರೆ ಪಾಸು, ಸುಲಿಯುತ್ತಲೇ ಇದ್ದರೆ ಫೇಲು.

ಒಂದು ದಿನ ಹೆಣ ಸಿಗುವ ದೃಶ್ಯದ ಸದ್ದು ಹಾಕಿದೆ. ಅಮ್ಮನ ಕೈ ನಿಂತಿತು. ಮುಖ ಬಿಳಿಚಿಕೊಂಡಿತು. ಮೊರ ಬದಿಗೆ ತಳ್ಳಿ ಹಿತ್ತಲಿಗೆ ಓಡಿದಳು. ನಾನು ಹಿರಿಹಿರಿ ಹಿಗ್ಗುತ್ತಾ ಹಿಂದೆಯೇ ಹೋದೆ.

“ಲೋ, ಬೋರಲ್ಲಿ ನೀರಿಲ್ದೆ ಮೋಟ್ರು ಓಡ್ತೈತೆ ಕಣೋ, ಸುಟ್ಟೋಯ್ತದೆ” ಎಂದು ಸ್ವಿಚ್ ಒತ್ತಿಯೇಬಿಟ್ಟಳು. ಆಫ್ ಆಗಿದ್ದ ಮೋಟ್ರು ಆಗ ಆನ್ ಆಯಿತು.

ವರದಿಯಲ್ಲಿ ‘ಕೇಳಿದವರು ಎದ್ದು ಓಡಿದರು’ ಎಂದಷ್ಟೇ ಬರೆದೆ. ಎಲ್ಲಿಗೆ ಎಂದು ಬರೆಯಲಿಲ್ಲ.

ತರೀಕೆರೆ ದಾರಿಯಲ್ಲಿ

ಬೀರೂರಿನಲ್ಲಿ ರೈಲು ಹತ್ತಿ ತರೀಕೆರೆಗೆ ಹೊರಟಿದ್ದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೊಲೆಗಾರ ಹತ್ತಿರ ಬರುವ ದೃಶ್ಯದ ಸಂಗೀತ ಕೇಳುತ್ತಿದ್ದೆ. ಬ್ಲೂಟೂತ್ ಕಳಚಿಕೊಂಡು, ಸದ್ದು ಫೋನಿನಿಂದಲೇ ಇಡೀ ಬೋಗಿಗೆ ಕೇಳುತ್ತಿದ್ದುದು ನನಗೆ ತಿಳಿಯಲಿಲ್ಲ. ಅದೇ ಹೊತ್ತಿಗೆ ಆ ತುದಿಯಿಂದ ಟಿಕೆಟ್ ಕಲೆಕ್ಟರು ನಿಧಾನವಾಗಿ ಬರುತ್ತಿದ್ದರು.

ಸಂಗೀತ ಏರಿತು. ಜನರ ಮಾತು ನಿಂತಿತು. ನನ್ನೆದುರು ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ ದೊಡ್ಡ ಮನುಷ್ಯರೊಬ್ಬರು ದಿಢೀರನೆ ಎದ್ದು ಕೈಮುಗಿದರು. “ಸಾರ್, ಟಿಕೆಟ್ ತಗಂಡಿಲ್ಲ. ತಪ್ಪಾಯ್ತು.”

“ನಾನಿನ್ನೂ ಕೇಳೇ ಇಲ್ವಲ್ರೀ” ಎಂದು ಕಲೆಕ್ಟರು ಬೆಪ್ಪಾದರು. ಆಮೇಲೆ ನನ್ನ ಫೋನನ್ನೂ ನನ್ನನ್ನೂ ನೋಡಿ, “ನೀವು ದಿನಾ ಇದೇ ಗಾಡೀಲಿ ಬರ್ತೀರೇನ್ರೀ?” ಎಂದು ಆಸೆಯಿಂದ ಕೇಳಿದರು.

ಅಜ್ಜಂಪುರದ ತೀರ್ಪು

ಕೊನೇ ಎಪಿಸೋಡು ಬಂತು. ನಾಯಕಿ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಾಳೆ. ನಿರ್ದೇಶಕರು ಮೆಚ್ಚಿದ್ದು ಕಿವಿ ತೂತು ಬೀಳುವಂಥ ಅಬ್ಬರ. ನಾನು ಆರಿಸಿದ್ದು ಒಂದೇ ಒಂದು ತಗ್ಗಿದ ಸ್ವರ. ಬಾಗಿಲು ತೆರೆಯುವ ಮೊದಲು ಅದೂ ನಿಂತುಹೋಗುತ್ತದೆ. “ಜನರ ಮುಂದೆ ಹಾಕಿ ನೋಡೋಣ ಸಾರ್” ಎಂದು ಅವರನ್ನು ಅಜ್ಜಂಪುರದ ನನ್ನ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋದೆ. ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರೆಲ್ಲ ಮಂಡಕ್ಕಿ ಇಟ್ಟುಕೊಂಡು ಅಲ್ಲಿ ಟೀವಿ ಮುಂದೆ ಸೇರುತ್ತಾರೆ. ಸುಮ್ಮನೆ ನೋಡುವವರಲ್ಲ, ಪಾತ್ರಗಳಿಗೆ ಬುದ್ಧಿ ಹೇಳುತ್ತಲೇ ನೋಡುವವರು. ಅವರು ಮುಲಾಜಿಲ್ಲದೆ ಮಾತಾಡಲಿ ಎಂದು ನಿರ್ದೇಶಕರನ್ನು ಬರೀ ಸ್ನೇಹಿತರು ಎಂದೇ ಪರಿಚಯಿಸಿದೆ.

ಮೊದಲು ಅಬ್ಬರದ್ದು. ಹೆಂಗಸರು ಅದಕ್ಕಿಂತ ಜೋರು ದನಿ ತೆಗೆದರು. “ಬಾಗ್ಲು ತೆಗೀಬ್ಯಾಡ ಕಣೇ.” “ಆ ಸೀರೆ ಎಲ್ಲಿ ತಗಂಡ್ಲೋ?” “ಸೌಂಡ್ ಕಡ್ಮೆ ಮಾಡಪ್ಪಾ, ಮಾತೇ ಕೇಳಲ್ಲ.” ಬಾಗಿಲು ತೆರೆದಾಗ ಯಾರೂ ಬೆಚ್ಚಲಿಲ್ಲ.

ಈಗ ಅದೇ ದೃಶ್ಯಕ್ಕೆ ನನ್ನದು. ಬಾಗಿಲ ಹಿಂದೆ ಯಾರಿದ್ದಾರೆಂದು ಎಲ್ಲರಿಗೂ ಗೊತ್ತಾಗಿ ಹೋಗಿತ್ತು. ಇನ್ನು ಹೆದರುವವರು ಯಾರು? ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ.

ಸ್ವರ ಶುರುವಾಯಿತು. ಒಬ್ಬೊಬ್ಬರೇ ಮಾತು ನಿಲ್ಲಿಸಿದರು. ಮಂಡಕ್ಕಿ ಅಗಿಯುವ ಸದ್ದೂ ನಿಂತಿತು. ಆಮೇಲೆ ಸ್ವರವೂ ನಿಂತಿತು. ಬಾಗಿಲು ಕಿರ್ ಅಂದಿತು.

“ಅಯ್ಯಮ್ಮಾ” ಎಂದು ಯಾರೋ ಕಿರುಚಿಕೊಂಡರು. ಗಂಡಸಿನ ದನಿ. ತಿರುಗಿ ನೋಡಿದರೆ ನಿರ್ದೇಶಕರು. ಆ ದೃಶ್ಯ ಬರೆದವರೂ ಅವರೇ, ತೆಗೆದವರೂ ಅವರೇ. ಮಡಿಲ ತುಂಬ ಮಂಡಕ್ಕಿ ಚೆಲ್ಲಿಕೊಂಡು ದೊಡ್ಡಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮುಂದಿನ ಸೀರೀಸು ನನ್ನದೇ ಎಂದು ಅವರ ಬಾಯಿಂದ ಕೇಳುವ ಅಗತ್ಯವೇ ಉಳಿಯಲಿಲ್ಲ.

ದೊಡ್ಡಮ್ಮ ಅವರ ಬೆನ್ನು ಸವರಿದಳು. “ಹೆದರ್ಬ್ಯಾಡ ಕಣಪ್ಪಾ. ಇದೆಲ್ಲ ಯಾರೋ ಕೆಲ್ಸ ಇಲ್ದೋರು ಕಟ್ಟಿರೋ ಕಥೆ.”