ಸಾವುಕಾರರ ಬಚ್ಚಲಿಗೆ ಅಲಮಾರಿ ಕೂರಿಸಿದ್ದು

ಬಡಿಗತನ ಮಾಡುವವನಿಗೆ ತಲೆ ತಗ್ಗಿಸುವ ಪ್ರಸಂಗಗಳು ಬರುತ್ತಲೇ ಇರುತ್ತವೆ. ಒಂದು ಮನೆಯಲ್ಲಿ ಕದ ಸೊಟ್ಟ ಅಂತಾರೆ, ಇನ್ನೊಂದು ಮನೆಯಲ್ಲಿ ತೊಟ್ಟಿಲು ಕಿರುಗುಟ್ಟುತ್ತದೆ ಅಂತಾರೆ. ಅದೆಲ್ಲ ರೂಢಿಯಾಗಿ ಹೋಗುತ್ತದೆ. ಆದರೆ ಒಂದೇ ಕೆಲಸದಲ್ಲಿ, ಒಂದೇ ಮನೆಯಲ್ಲಿ, ಮೇಲಿಂದ ಮೇಲೆ ನೆಲ ನೋಡುವಂತಾದದ್ದು ಮಾತ್ರ ಲಿಂಗಸುಗೂರಿನ ಬಟ್ಟೆ ಸಾವುಕಾರರ ಬಚ್ಚಲಿನಲ್ಲಿ.

ನಿಜಾಮರ ರಾಜ್ಯ ಹೋಗಿ ಒಂದೆರಡು ವರ್ಷವಾಗಿತ್ತು. ಸಾವುಕಾರರು ಮಗನಿಗೆ ಹೈದರಾಬಾದಿನ ಹೆಣ್ಣು ತಂದಿದ್ದರು. ಬೀಗರ ಮನೆಯ ಗುಸಲಖಾನೆಯಲ್ಲಿ, ಅಂದರೆ ಬಚ್ಚಲಲ್ಲಿ, ಗೋಡೆಯೊಳಗೇ ಅಲಮಾರಿ ಇದೆ, ಟವೆಲ್ಲು, ಚಾದರ, ಉಡುವ ಬಟ್ಟೆ ಎಲ್ಲ ಅದರಲ್ಲೇ ಇಡುತ್ತಾರೆ ಅಂತ ಅವರು ಅಲ್ಲಿ ಕಣ್ಣಾರೆ ಕಂಡು ಬಂದಿದ್ದರು. ಬೀಗರು ಮೊದಲ ಸಲ ಇವರ ಮನೆಗೆ ಬರುವಷ್ಟರಲ್ಲಿ ನಮ್ಮಲ್ಲೂ ಅಂಥದ್ದು ಆಗಬೇಕು ಅಂತ ಮಸ್ಕಿಯಿಂದ ನನ್ನನ್ನು ಕರೆಸಿದರು. ಇದು ಚಂದಾದರೆ ಕಟ್ಟಿಸಬೇಕೆಂದಿರುವ ಹೊಸ ಅಂಗಡಿಯ ಕೆಲಸವೆಲ್ಲ ನಿನ್ನದೇ ಅಂದರು. ಅಂಥ ಅಲಮಾರಿಯನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಆದರೂ, ಅದೇನ್ ದೊಡ್ಡ ಮಾತ್ರೀ, ಅಂದುಬಿಟ್ಟೆ.

ಬಸ್ಸಿನಲ್ಲಿ

ಗೋಡೆಯಲ್ಲಿ ಗೂಡು ಕೊರೆದು, ಅಳತೆ ತೆಗೆದುಕೊಂಡು ಬಂದು, ಕದಗಳನ್ನು ಮಸ್ಕಿಯಲ್ಲೇ ಮಾಡಿದೆ. ಒಯ್ಯುವಾಗ ಸಿಂಧನೂರಿನಿಂದ ಬರುವ ಬಸ್ಸು ಹತ್ತಿದೆ. ಕದಗಳು ಸಣ್ಣವು, ಕೆತ್ತನೆ ಜೋರು. ಎದುರಿಗೆ ಕೂತ ಬಳಗಾನೂರಿನ ಮುದುಕ, ಯಾತಕ್ಕ ಇವು ಅಂತ ಕೇಳಿದ. ಬಚ್ಚಲಕ್ಕ ಅಂದೆ. ಬಚ್ಚಲದ ಬಾಗಿಲು ಇಷ್ಟ ಸಣ್ಣದಾದ್ರ ಮನುಷ್ಯಾ ಹೆಂಗ ಹೋಗ್ತಾನ ಅಂದ. ಮನುಷ್ಯರಿಗಲ್ಲ, ಟವೆಲ್ ಇಡೋ ಗೂಡಿಗೆ ಅಂತ ಬಿಡಿಸಿ ಹೇಳಿದೆ. ಆತ ಕದದ ಕೆತ್ತನೆ ಸವರಿ ನೋಡಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದ:

"ನಮ್ಮ ಮನಿಗೇ ಇನ್ನಾ ಬಾಗಿಲಾ ಇಲ್ಲ. ಇವರು ಟವೆಲ್ಲಿಗೆ ಹಚ್ಚಾಕತ್ಯಾರ."

ಬಸ್ಸು ತುಂಬ ನಗೆ. ನಾನು ಕದಗಳನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಮುಂದಿನ ಊರಲ್ಲಿ ಹತ್ತಿದ ಒಬ್ಬ ತಾಯಿಯೂ ಅದನ್ನೇ ಕೇಳಿದಾಗ, ಮಾನ ಉಳಿದರೆ ಸಾಕೆಂದು ದೇವರ ಮನಿಗೆ ಅಂದೆ. ಆಕೆ ಚಪ್ಪಲಿ ಬಿಟ್ಟು, ಎರಡೂ ಕದಕ್ಕೆ ಕುಂಕುಮ ಹಚ್ಚಿ, ಕೈ ಮುಗಿದಳು. ಮುದುಕನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಆತನೂ ಎದ್ದು ಕೈ ಮುಗಿದನಂತೆ.

ಸಾವುಕಾರರ ತಾಯಿ

ಆ ಕುಂಕುಮ ಎಷ್ಟು ಒರೆಸಿದರೂ ಕೆತ್ತನೆಯ ಸಂದಿಯಿಂದ ಹೋಗಲಿಲ್ಲ. ಹಾಗೇ ಕೂರಿಸಿದೆ. ಸಾವುಕಾರರ ತಾಯಿ ಬಹಳ ಮಡಿಯ ಹೆಣ್ಣುಮಗಳು, ಜಳಕವಾದ ಕೂಡಲೇ ಲಿಂಗಪೂಜೆ ಮಾಡುವವರು. ಕುಂಕುಮದ ಕದ ಕಂಡವರೇ ಇದು ತಮಗಾಗಿ ಮಾಡಿಸಿದ ದೇವರ ಜಗಲಿ ಅಂತ ತಿಳಿದರು. ಬೆಳಿಗ್ಗೆ ನೋಡಿದರೆ ಮೇಲಿನ ಅರೆಯಲ್ಲಿ ವಿಭೂತಿ ಗಟ್ಟಿ, ಗಂಟೆ, ಒಂದು ದೀಪ. ಹೊಸ ಸೊಸೆ ಪಾಪ, ಗಂಡನ ಅಜ್ಜಿಗೆ ಎದುರಾಡುವುದು ಹೇಗೆಂದು, ತನ್ನ ಮಡಿಚಿದ ಬಟ್ಟೆಗಳನ್ನು ಕೆಳಗಿನ ಅರೆಯಲ್ಲಿಟ್ಟು ಸುಮ್ಮನಾದಳು. ಮುದುಕಿ ಮಾತ್ರ ನನ್ನನ್ನು ಕರೆದು, ಬಚ್ಚಲದಾಗೂ ಶಿವನ್ನ ಕೂಡಿಸಿದಿ, ನಿನ್ನ ಕೈ ತಣ್ಣಗಿರಲಿ ಅಂತ ಹರಸಿದರು.

ನಿಜ ಹೇಳಲು ಮನೆಯಲ್ಲಿ ಯಾರೂ ತಯಾರಿಲ್ಲ. ನೀ ಮಾಡಿದಿ, ನೀನೇ ಹೇಳು ಅಂತ ಸಾವುಕಾರರು ನನ್ನನ್ನೇ ನೂಕಿದರು. ನಾನು ಬಾಗಿಲ ಹೊರಗೆ ನಿಂತು, ಕಂಬ ನೋಡುತ್ತ, ಅದು ಬಟ್ಟೆ ಇಡುವ ಗೂಡು, ಒಳಗೆ ಉಡುವಂಥವನ್ನೂ ಅಲ್ಲೇ ಇಡುತ್ತಾರೆ ಅಂತ ಹೇಳಿ ಮುಗಿಸಿದೆ. ಮುದುಕಿ ಸಿಟ್ಟಾಗಲಿಲ್ಲ. ಎದ್ದು ಹೋಗಿ ಕೆಳಗಿನ ಅರೆಯಲ್ಲಿ ಇಣುಕಿ ನೋಡಿ ಬಂದರು.

"ಹಂಗಾದ್ರ ಮೊನ್ನಿಂದ ನಾ ಕೈ ಮುಗಿದದ್ದು ಯಾರ ಲಂಗಕ್ಕೋ ತಮ್ಮಾ?"

ಕದ ಹಿಡಿದದ್ದು

ಕದಗಳನ್ನು ಇರುವೆಯೂ ತೂರದಷ್ಟು ಬಿಗಿಯಾಗಿ ಕೂಡಿಸಿದ್ದೆ. ಅದನ್ನು ಎಲ್ಲರಿಗೂ ಹೇಳಿಯೂ ಹೇಳಿದ್ದೆ. ಪಕ್ಕದಲ್ಲೇ ನೀರು ಕಾಯಿಸುವ ಹಂಡೆ ಇದೆ, ಅದರ ಉಗಿಗೆ ಕಟ್ಟಿಗೆ ಉಬ್ಬುತ್ತದೆ ಅನ್ನುವುದು ತಲೆಗೆ ಹೊಳೆದಿರಲಿಲ್ಲ.

ಸಾವುಕಾರರು ಎಣ್ಣೆ ಜಳಕಕ್ಕೆ ಹೋದರು. ಹಳೆ ಧೋತರ ಬಕೀಟಿನಲ್ಲಿ ನೆನೆ ಹಾಕಿದರು. ಜಳಕ ಮುಗಿಸಿ ಅಲಮಾರಿಗೆ ಕೈ ಹಾಕಿದರೆ ಕದ ಬರಲೊಲ್ಲದು. ಒಳಗಿನಿಂದ ನನ್ನ ಹೆಸರು ಕೇಳಿಸಿತು. ಹೊರಗೆ ಪಡಸಾಲೆಯಲ್ಲಿ ಸೀರೆ ನೋಡಲು ಬಂದ ಗಿರಾಕಿಗಳು ಕೂತಿದ್ದರು. ನಾನು ಕಣ್ಣು ಮುಚ್ಚಿಕೊಂಡು ಒಳಗೆ ಬಂದು ತೆಗೆದುಕೊಡುತ್ತೇನೆ ಅಂದೆ.

"ಕಣ್ಣ ಮುಚ್ಚಿ ಉಳಿ ಹಿಡಿತೀಯೇನಲೇ? ನಾ ಇಲ್ಲೇ ನಿಂತೀನಿ" ಅಂದರು.

ಕೊನೆಗೆ ಅವರು ಹಂಡೆಯ ಹಿಂದೆ ಕೂತರು, ನಾನು ಗೋಡೆ ಕಡೆ ಮುಖ ಮಾಡಿ ಹೋಗಿ ಜೋರಾಗಿ ಎಳೆದೆ. ಹಿಡಿಕೆ ನನ್ನ ಕೈಗೆ ಬಂತು, ಕದ ಅಲ್ಲೇ ಉಳಿಯಿತು. ಏನಾಯ್ತು ಅಂತ ಅವರು ಕೇಳಿದರು. ನಾನು ಹಿಡಿಕೆಯನ್ನು ಹಿಂದಕ್ಕೆ ಚಾಚಿ ತೋರಿಸಿದೆ. ಇನ್ನು ದಾರಿಯಿಲ್ಲದೆ ಅವರ ಹೆಂಡತಿ ಬಾಗಿಲ ಸಂದಿಯಿಂದ ತಮ್ಮ ಇಳಕಲ್ಲ ಸೀರೆಯೊಂದನ್ನು ಕೊಟ್ಟರು. ಊರಿಗೆಲ್ಲ ಬಟ್ಟೆ ಮಾರುವ ಮನುಷ್ಯ ಅದನ್ನೇ ಸುತ್ತಿಕೊಂಡು ಪಡಸಾಲೆ ದಾಟಿದರು. ಯಾರೂ ನಗಲಿಲ್ಲ. ಗಿರಾಕಿಯೊಬ್ಬಳು ಮಾತ್ರ ಸೆರಗು ಹಿಡಿದು ನೋಡಿ ಕೇಳಿದಳು:

"ಸಾವಕಾರ್ರ, ಈ ಅಂಚಿಂದು ಅಂಗಡ್ಯಾಗ ಇನ್ನೊಂದು ಐತೇನ್ರಿ?"

ಬೀಗರು ಬಂದದ್ದು

ಕದ ಹೆರೆದು ಸರಿ ಮಾಡಿದೆ. ಅಷ್ಟರಲ್ಲಿ ಬೀಗರು ಬರುವ ದಿನ ಬಂತು. ದಪ್ಪ ಚಾದರಗಳು ಅಲಮಾರಿಯಲ್ಲಿ ಹಿಡಿಯುತ್ತಿಲ್ಲ, ಇನ್ನೂ ಒಳಗೆ ಕೊರೆ ಅಂತ ಆವತ್ತೇ ಬೆಳಿಗ್ಗೆ ಸಾವುಕಾರರ ಅಪ್ಪಣೆಯಾಯಿತು.

ಆ ಗೋಡೆಯದೇ ಒಂದು ದೊಡ್ಡ ತಕರಾರು. ಅದರ ಆಚೆ ಬಾಜೂ ಮನೆಯವರ ಅಡಿಗೆಮನೆ. ಗೋಡೆ ನಮ್ಮದು ಅಂತ ಇವರು, ನಮ್ಮದು ಅಂತ ಆ ಮನೆಯ ಅಕ್ಕ. ಈ ಜಗಳದಲ್ಲಿ ಎರಡು ಮನೆಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಆ ಅಕ್ಕನೂ ತನ್ನ ಕಡೆಯಿಂದ ಗೋಡೆಯಲ್ಲಿ ಒಂದು ಗೂಡು ಮಾಡಿಸಿಕೊಂಡು ರೊಟ್ಟಿ ಇಡುತ್ತಾಳೆ ಅನ್ನುವುದು ನನಗೆ ಗೊತ್ತಿರಲಿಲ್ಲ. ನಾಲ್ಕು ಏಟು ಹಾಕಿದೆ. ಹಿಂದಿನ ಕಲ್ಲು ಆಚೆ ಬಿತ್ತು. ಬೆಳಕು ಬಂತು. ಬೆಳಕಿನ ಹಿಂದೆ, ಮೊಳಕೈತನಕ ಹಿಟ್ಟು ಮೆತ್ತಿಕೊಂಡ ಆ ಅಕ್ಕ ಕಂಡಳು.

ನಾನು ಕೈ ಮುಗಿದು, ಸಂಜೆಯೊಳಗೆ ಮುಚ್ಚಿಕೊಡುತ್ತೇನೆ, ದಯಮಾಡಿ ಗದ್ದಲ ಮಾಡಬೇಡಿ ಅಂತ ಪಿಸುಮಾತಿನಲ್ಲಿ ಬೇಡಿಕೊಂಡೆ. ಆಕೆ ಕೈಯ ಹಿಟ್ಟು ಒರೆಸಿಕೊಂಡಳು. ಮುಚ್ಚಲು ಹಲಗೆ ತರೋಣವೆಂದು ಏಳುವಷ್ಟರಲ್ಲಿ ಅಂಗಳದಲ್ಲಿ ಟಾಂಗಾ ನಿಂತ ಸದ್ದಾಯಿತು. ಟವೆಲ್ಲು, ಚಾದರಗಳನ್ನೆಲ್ಲ ತೂತಿಗೆ ಅಡ್ಡ ತುರುಕಿ, ಕದ ಹಾಕಿದೆ. ಹೊರಗೆ ಹೋಗಲು ದಾರಿ ಉಳಿದಿರಲಿಲ್ಲ. ಸಾವುಕಾರರು ಬೀಗರಿಗೆ ನೀರು ಕೊಡುವ ಮೊದಲೇ ಅವರನ್ನು ಬಚ್ಚಲಿಗೆ ಕರೆತಂದಿದ್ದರು. ಬೀಗರು, ಬೀಗತಿ, ಸೊಸೆ, ಮುದುಕಿ, ಎಲ್ಲ ಬಂದು ನಿಂತರು. ನಾನು ಹಂಡೆಗೆ ಒತ್ತಿ ನಿಂತೆ.

ಸಾವುಕಾರರು, ನಿಮ್ಮ ಮನಿಯಾಗ ಇದ್ದಂಗ ಮಾಡಿಸೀನ್ರಿ ಅಂತ ಎರಡೂ ಕದ ತೆಗೆದರು.

ಒಳಗೆ ಚಾದರಗಳು ಅಂಚಿಗೆ ಅಂಚು ಕೂಡಿಸಿ ಮಡಿಚಿಟ್ಟಿದ್ದವು. ಅದರ ಪಕ್ಕ ಬಿಸಿ ಜೋಳದ ರೊಟ್ಟಿಯ ಕಟ್ಟು. ಅದರ ಹಿಂದೆ ಬಾಜೂ ಮನೆಯ ಅಕ್ಕನ ಮುಖ.

"ನಿಮ್ಮ ಚಾದರ ಎಲ್ಲಾ ನಮ್ಮ ಕಡೆ ಬಿದ್ದಿದ್ದುವ್ರಿ" ಅಂದಳು ಆಕೆ, "ಮಡಚಿ ಇಟ್ಟೀನಿ."

ಬೀಗತಿ ಬಗ್ಗಿ ಆಚೆ ಮನೆಯ ಒಲೆಯನ್ನೂ, ಒಲೆಯ ಮೇಲಿನ ಹಂಚನ್ನೂ ನಿಧಾನವಾಗಿ ನೋಡಿದರು. ಹೈದರಾಬಾದಿನಲ್ಲೂ ಇಂಥ ಅಲಮಾರಿ ನೋಡಿಲ್ಲ, ಇದು ನಿಮ್ಮದೋ ಅವರದೋ ಅಂತ ಕೇಳಿದರು. ಸಾವುಕಾರರು ನನ್ನ ಕಡೆ ಒಮ್ಮೆ ನೋಡಿದರು. ಹೊಸ ಅಂಗಡಿಯ ಕೆಲಸ ಆ ನೋಟದಲ್ಲೇ ಹೋಯಿತು. ಆಮೇಲೆ, ಇಷ್ಟು ಕಾಲ ಯಾವ ಪಂಚರ ಮುಂದೆಯೂ ಒಪ್ಪದ ಮಾತನ್ನು, ಬೀಗರ ಎದುರು ಮರ್ಯಾದೆ ಉಳಿದರೆ ಸಾಕೆಂದು, ತಾವೇ ಬಾಯಿಬಿಟ್ಟು ಹೇಳಿದರು:

"ನಮ್ದಲ್ರಿ ಇದು. ಗ್ವಾಡಿ ಅವರದು."

ಅಕ್ಕ ಅತ್ತ ಕಡೆಯಿಂದ ನನ್ನನ್ನು ಕರೆದು, ಎಲ್ಲರಿಗೂ ರೊಟ್ಟಿ ಹಂಚು ಅಂದಳು. ಹಂಚಿದೆ. ಆಕೆ ಮತ್ತೆ ಕರೆದಳು.

"ನಾಳಿಗೆ ಬಾ ತಮ್ಮಾ. ನಮ್ಮ ಗ್ವಾಡಿಗೆ ಈ ಕಡೆಯಿಂದ ಕದ ಹಚ್ಚಬೇಕು."