ಬೆಳಿಗ್ಗೆ ಹೊರಡದ ಸ್ಕೂಟರ್

ಸಾವಾದ ಮನೆಗೆ ಬಂದವರಿಗೆ ಏನು ಮಾತನಾಡಬೇಕೆಂದು ತಿಳಿಯುವುದಿಲ್ಲ. ಚಾಪೆಯ ಅಂಚು ಕೀಳುತ್ತಾ ಕೂರುತ್ತಾರೆ. ಅಂಥ ಮನೆಯ ಜಗಲಿಯಲ್ಲಿ ಸ್ಟಾರ್ಟ್ ಆಗದ ಸ್ಕೂಟರೊಂದು ನಿಂತಿದ್ದರೆ ಅವರಿಗೆ ಎಷ್ಟು ಅನುಕೂಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಯಜಮಾನರು ದೀಪಾವಳಿ ಮುಗಿದ ವಾರದಲ್ಲೇ ತೀರಿಕೊಂಡರು. ಅವರ ಬಗ್ಗೆ ಎರಡು ಮಾತಾಡಲು ತಡವರಿಸಿದವರೆಲ್ಲ ಅವರ ಹಳೆಯ ಸ್ಕೂಟರಿನ ಬಗ್ಗೆ ಗಂಟೆಗಟ್ಟಲೆ ಮಾತನಾಡಿದರು. ಅವರ ಎದೆನೋವು ಯಾವಾಗ ಶುರುವಾಯಿತು ಎಂದು ಕೇಳದವರು ಕಾರ್ಬುರೇಟರಿನಲ್ಲಿ ಕಸ ಸೇರಿದೆಯೇ ಎಂದು ಕೇಳಿದರು.

ಅದರ ರೋಗವಾದರೂ ಎಂಥದು! ಒಂದು ಹೊತ್ತು ಒಂದೇ ಒದೆತಕ್ಕೆ ಹೊರಡುತ್ತದೆ. ಇನ್ನೊಂದು ಹೊತ್ತು ಒದ್ದವರ ಕಾಲು ಸೋಲಬೇಕೇ ಹೊರತು ಅದು ಉಸಿರೆತ್ತುವುದಿಲ್ಲ. ಪಕ್ಕದ ಮನೆಯ ಸಿದ್ದಣ್ಣ "ಪ್ಲಗ್ಗೇ ಕಣಕ್ಕ, ಇನ್ನೇನೂ ಅಲ್ಲ" ಎಂದು ಪ್ಲಗ್ ಬಿಚ್ಚಿ, ಪಂಚೆಯ ತುದಿಗೆ ಒರೆಸಿ ಹಾಕಿದ. ಯಜಮಾನರ ದೊಡ್ಡಪ್ಪ ಬಿಳಿಗೆರೆಯಿಂದ ಬಂದರು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡಿದೆಯೇ ಎಂದು ಹೇಳುವುದರಲ್ಲಿ ಹೆಸರಾದವರು. ಅವರು ಸ್ಕೂಟರನ್ನೂ ಹಾಗೆಯೇ ಹಿಡಿದು ಅಲ್ಲಾಡಿಸಿ, ಕಿವಿಗೊಟ್ಟು, "ಪೆಟ್ರೋಲು ಐತೆ ಕಣವ್ವ" ಎಂದು ತೀರ್ಪು ಕೊಟ್ಟರು. ಮಧ್ಯಾಹ್ನ ಬಂದ ಮೆಕ್ಯಾನಿಕ್ ಒಂದು ಸಲ ಒದ್ದ; ಶುರುವಾಯಿತು. "ಗಾಡಿ ಚಿನ್ನದಂಗೈತೆ, ಒದೆಯೋರ್ಗೆ ಬರಲ್ಲ ಅಷ್ಟೆ" ಎಂದು ನಕ್ಕು ಹೋದ. ಮಾರನೆಯ ಬೆಳಿಗ್ಗೆ ಮತ್ತೆ ಮೂಕ.

"ಯಜಮಾನ ಹೋದ್ಮೇಲೆ ಅದಕ್ಕೂ ಮನಸ್ಸಿಲ್ಲ ಬುಡು" ಎಂದರು ದೊಡ್ಡಪ್ಪ. ಉಳಿದೆಲ್ಲ ಸಮಾಧಾನದ ಮಾತಿಗಿಂತ ನನಗೆ ಅದೇ ಹಿತವಾಯಿತು. ಇಷ್ಟು ಜನರಲ್ಲಿ ನನ್ನ ಜೊತೆ ದುಃಖಪಡುತ್ತಿರುವುದು ಇದೊಂದೇ ಎಂದುಕೊಂಡೆ.

ಆ ಸ್ಕೂಟರನ್ನು ಬುಕ್ ಮಾಡಿ ನಾವು ವರ್ಷಗಟ್ಟಲೆ ಕಾದಿದ್ದೆವು. ನನ್ನ ಮೈದುನ ರುದ್ರೇಶನಿಗೆ ಅಷ್ಟು ಕಾಯುವ ತಾಳ್ಮೆಯಿಲ್ಲ. ಹಂದನಕೆರೆಯಿಂದ ಮೊದಲ ಬಸ್ಸಿಗೇ ಬಂದು ಇಳಿಯುತ್ತಿದ್ದ. "ಅತ್ಗೆ, ನಿಮ್ಗೇನು ಓಡ್ಸಕ್ಕೆ ಬತ್ತದಾ? ಸುಮ್ನೆ ತುಕ್ಕು ಹಿಡೀತೈತೆ. ಸ್ಟಾರ್ಟ್ ಆಗ್ಲಿ, ನಾನೇ ತಗಂಡೋಗ್ತೀನಿ" ಎನ್ನುತ್ತಿದ್ದ. ನನಗೆ ಓಡಿಸಲು ಬರುವುದಿಲ್ಲ, ನಿಜ. ಹಿಂದಿನ ಸೀಟಿನಲ್ಲಿ ಕೂರಲು ಮಾತ್ರ ಬರುತ್ತದೆ. ಅದಕ್ಕೆ ಮುಂದೆ ಒಬ್ಬರು ಬೇಕು. ಬಾಗಿಲು ತೆಗೆದಾಗ ಅದು ಅಲ್ಲಿ ನಿಂತಿರಬೇಕು, ಅಷ್ಟೇ ನನ್ನ ಆಸೆ. ಇದನ್ನು ಕಾರಣವೆಂದು ಹೇಳಿದರೆ ಯಾರು ಒಪ್ಪುತ್ತಾರೆ? ಅವನು ಹೊರಗೆ ಒದೆಯುತ್ತಿದ್ದರೆ ನಾನು ಒಳಗೆ, ಶುರುವಾಗದಿರಲಪ್ಪಾ ಎಂದು ದೇವರನ್ನು ಬೇಡುತ್ತಿದ್ದೆ. ದೇವರು ನಡೆಸಿಕೊಡುತ್ತಿದ್ದ. ಯಜಮಾನರ ವಿಷಯದಲ್ಲಿ ಕಿವಿಗೆ ಹಾಕಿಕೊಳ್ಳದವನು ಸ್ಕೂಟರಿನ ವಿಷಯದಲ್ಲಿ ಬಹಳ ಉದಾರಿಯಾಗಿದ್ದ.

ಒಂದು ಚಳಿಯ ಬೆಳಿಗ್ಗೆ ತಲೆಗೆ ಹಚ್ಚಲು ಕೊಬ್ಬರಿ ಎಣ್ಣೆಯ ಸೀಸೆ ಬಗ್ಗಿಸಿದೆ. ಹನಿ ಬೀಳಲಿಲ್ಲ, ಹೆಪ್ಪುಗಟ್ಟಿತ್ತು. ಬಿಸಿಲಿಗಿಡಲು ಜಗಲಿಗೆ ತಂದವಳು ಸ್ಕೂಟರಿನ ಮುಂದೆ ಹಾಗೇ ನಿಂತುಬಿಟ್ಟೆ. ನಮ್ಮ ಕಡೆ ಕೊಬ್ಬರಿ ಎಣ್ಣೆ ಬೀಳದ ಜಾಗವಿಲ್ಲ. ಬಾಗಿಲಿನ ಕೀಲಿಗೆ, ಹೊಲಿಗೆ ಯಂತ್ರಕ್ಕೆ, ಮಗುವಿನ ಕಿವಿಗೆ, ಎಲ್ಲಕ್ಕೂ ಅದೇ. ಅವರು ಹೋದಂದಿನಿಂದ ಕೈಗೊಂದು ಕೆಲಸವಿರಲಿ ಎಂದು ದಿನಾ ಸಂಜೆ ಸ್ಕೂಟರ್ ಒರೆಸಿ, ಸಂದುಗೊಂದಿಗೆಲ್ಲ ಎಣ್ಣೆ ಬಿಡುತ್ತಿದ್ದೆ. ಚೋಕಿನ ಗುಂಡಿ ಎಳೆದು ನೋಡಿದೆ. ಬೆರಳಗಲ ಬಂದು ನಿಂತಿತು. ತಂತಿಯ ಸುತ್ತ ಎಣ್ಣೆ ಬೆಣ್ಣೆಯಂತೆ ಬೆಳ್ಳಗೆ ಕೂತಿತ್ತು. ತಣ್ಣಗಾದ ಇಂಜಿನ್ನು ಚೋಕ್ ಇಲ್ಲದೆ ಏಳುವುದಾದರೂ ಹೇಗೆ? ಬಿಸಿಲೇರಿ ಎಣ್ಣೆ ಕರಗಿದರೆ ತಾನೇ ಹೊರಡುತ್ತದೆ. ನನ್ನ ಜೊತೆ ದುಃಖಪಡಲು ಅದಕ್ಕೆ ಬೇರೆ ಕೆಲಸವಿರಲಿಲ್ಲವೇ! ಸಂಕಟಕ್ಕೆ ಒಬ್ಬಳೇ ನಕ್ಕೆ. ಅಂದು ಸಂಜೆ ಆ ತಂತಿಗೆ ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಬಿಟ್ಟೆ.

ಆದರೆ ಚಳಿಯನ್ನು ಕಟ್ಟಿಹಾಕಲಾಗುತ್ತದೆಯೇ? ಯುಗಾದಿ ಹತ್ತಿರವಾದಾಗ ರುದ್ರೇಶ ಬಂದು ಒದ್ದ, ಶುರುವಾಯಿತು. ಅಡಿಗೆಮನೆಯಲ್ಲಿದ್ದ ನಾನು ಕಾಫಿಗೆ ನೀರಿಟ್ಟೇಬಿಟ್ಟಿದ್ದೆ. ಆ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಹಾಗೆ ಮಾಡುತ್ತದೆ.

"ನೋಡಿದ್ರಾ ಅತ್ಗೆ, ಕೊನೆಗೂ ನನ್ ಕೈಗೆ ಬಗ್ತು!" ಎಂದ.

"ಹುಷಾರಾಗಿ ನೋಡ್ಕ ಕಣಪ್ಪ. ನಿಮ್ಮಣ್ಣ ದಿನಾ ಸಂಜೆ ಈ ಚೋಕ್ ತಂತಿಗೆ ಕೊಬ್ರಿ ಎಣ್ಣೆ ಬಿಡೋರು. ನೀನೂ ಮರೀಬೇಡ. ಮತ್ತೆ ಮೊಂಡಾಟ ಮಾಡುದ್ರೆ ಇಲ್ಗೇ ತಂದ್ಬುಡು."

"ಅಣ್ಣ ಮಾಡ್ತಿದ್ದ ಅಂದ್ಮೇಲೆ ಮುಗೀತು ಬುಡಿ ಅತ್ಗೆ" ಎಂದ. ಅಷ್ಟು ತಿಂಗಳಲ್ಲಿ ಅವನ ಕಣ್ಣು ಒದ್ದೆಯಾದದ್ದು ಅಂದೇ. ನಾನು ಒಂದು ಸೀಸೆ ಎಣ್ಣೆಯನ್ನೂ ಕೊಟ್ಟು ಕಳಿಸಿದೆ.

ಯಜಮಾನರು ಬದುಕಿದ್ದಾಗ ಅವರ ಹೆಸರಿನಲ್ಲಿ ಒಂದೂ ಸುಳ್ಳಾಡಿದವಳಲ್ಲ ನಾನು. ಈಗ ಖಾಲಿ ಜಗಲಿಯಲ್ಲಿ ಕೂತು ಕಾರ್ತೀಕದ ಚಳಿಗೆ ಇನ್ನೆಷ್ಟು ದಿನ ಎಂದು ನೋಡುತ್ತಿರುತ್ತೇನೆ. ಗಂಡ ಹೋದ ತಿಂಗಳು ಬೇಗ ಬರಲಿ ಎಂದು ಕಾಯುವ ಹೆಂಗಸು ಈ ತಿಪಟೂರಿನಲ್ಲಿ ನಾನೊಬ್ಬಳೇ ಇರಬೇಕು.